ಶಿರಾಡಿ ಇಳಿದರೆ ಬಡತನ ಮಾಯ

ದೇವದುರ್ಗದಲ್ಲಿ ರಾತ್ರಿ ಬಸ್ಸು ಹತ್ತುವ ಗಾರೆ ಕೆಲಸದವನು ಅತ್ಯಂತ ಹಿಂದುಳಿದವನು. ಬೆಳಿಗ್ಗೆ ಶಿರಾಡಿ ಘಟ್ಟ ಇಳಿದು ಮಂಗಳೂರಿಗೆ ಕಾಲಿಟ್ಟರೆ ಮುಂದುವರಿದವನು! ಮಧ್ಯೆ ಅವನು ಮಾಡಿದ್ದು ನಿದ್ದೆ ಮಾತ್ರ.

ಲೆಕ್ಕ ಸರ್ಕಾರದ್ದೇ. 2002ರಲ್ಲಿ ನಂಜುಂಡಪ್ಪ ಸಮಿತಿ 35 ಸೂಚಕ ಹಿಡಿದು ಆಗಿನ 175 ತಾಲೂಕುಗಳನ್ನು ತೂಗಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗೆ ಬಂದ 114 ತಾಲೂಕು ಹಿಂದುಳಿದವು. ದೇವದುರ್ಗ 'ಅತ್ಯಂತ' ಎಂಬ ಪಟ್ಟಿಯಲ್ಲಿ, ಮಂಗಳೂರು 1ರ ಮೇಲೆ. ಯಾವ ತಾಲೂಕಿಗೆ ಜಾಸ್ತಿ ಹಣ ಬೇಕು ಅಂತ ನೋಡಲು ಮಾಡಿದ ಪಟ್ಟಿ ಅದು. ಪಾಪ, ಸಮಿತಿಯ ತಪ್ಪೇನಿಲ್ಲ. ತಾಲೂಕಿನ ಅಂಕಿಯನ್ನು ಮನುಷ್ಯರ ಬೆನ್ನಿಗೆ ಅಂಟಿಸಿದವರು ನಾವು. 'ನಮ್ಮಲ್ಲಿ ಬಡವರೆಲ್ಲಿದ್ದಾರೆ ಮಾರಾಯ್ರೆ?' ಎಂದು ಎಸಿ ಕಾರಿನ ಗಾಜು ಏರಿಸಿ ಕೇಳುವವರೂ ನಾವೇ.

ಇಂಥ ಲೆಕ್ಕಗಳಲ್ಲಿ ಬ್ಯಾಂಕು ಶಾಖೆ, ಆಸ್ಪತ್ರೆ ಹಾಸಿಗೆ ಎಲ್ಲ ಎಣಿಸುತ್ತಾರೆ. ಮಂಗಳೂರಿನ ನಮಗೆ ಕೇಳಬೇಕೇ? 1906ರಲ್ಲೇ ಕೆನರಾ ಬ್ಯಾಂಕು ಹುಟ್ಟಿದ ಊರಿದು. ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ನಡೆದು ಹೋಗುವ ಅಕ್ಕನ ದಾರಿಯಲ್ಲೇ ನಾಲ್ಕು ಬ್ಯಾಂಕು ಸಿಗುತ್ತವೆ. ಅಂದ ಮೇಲೆ ಅವರೂ ಮುಂದುವರಿದವರೇ ಅಲ್ವಾ? ಆಸ್ಪತ್ರೆಗಳಂತೂ ಕೇಳಬೇಡಿ. ಹಾಸಿಗೆ ಎಣಿಸುವವರು ಬಿಲ್ಲು ಎಣಿಸುವುದಿಲ್ಲ.

ಒಂದು ಮನೆಯಲ್ಲಿ ಎರಡು ತುಂಡು ಅಂಜಲ್ ಮೀನಿನ ತವಾ ಫ್ರೈ. ಪಕ್ಕದ ಮನೆಗೆ ಬರೀ ಪರಿಮಳ. ಸರಾಸರಿ ಪ್ರಕಾರ ಇಬ್ಬರಿಗೂ ಒಂದೊಂದು ತುಂಡು ಸಿಕ್ಕಿದೆ, ಇನ್ನು ಗಲಾಟೆ ಯಾಕೆ?

ಇಂಗ್ಲೆಂಡಿನವರು ದೇಶವನ್ನು ಸುಮಾರು 1,500 ಜನರ ತುಂಡುಗಳಾಗಿ ಕತ್ತರಿಸಿ ಬಡತನ ಅಳೆಯುತ್ತಾರೆ. 2019ರಲ್ಲಿ 32,844 ತುಂಡು! ಅಷ್ಟು ಮಾಡಿಯೂ, ಬಡ ತುಂಡಿನಲ್ಲಿರುವವರೆಲ್ಲ ಬಡವರಲ್ಲ, ಉಳಿದ ಕಡೆಯೂ ಬಡವರಿದ್ದಾರೆ ಎಂದು ತಾವೇ ಎಚ್ಚರಿಸುತ್ತಾರೆ. ನಮ್ಮ ಪಾಲಿಕೆಗೆ 60 ವಾರ್ಡು. ಒಂದೇ ವಾರ್ಡಿನಲ್ಲಿ ಇಪ್ಪತ್ತು ಮಾಳಿಗೆಯ ಫ್ಲಾಟು, ಅದರ ಬುಡದಲ್ಲಿ ಅದನ್ನು ಕಟ್ಟಿದವನ ಟಾರ್ಪಾಲು ಶೆಡ್ಡು. ಲಿಫ್ಟು ಮೇಲೆ ಹೋದ ಹಾಗೆ ಶೆಡ್ಡಿನ ಸರಾಸರಿಯೂ ಮೇಲೆ ಹೋಗುತ್ತದೆ. ಶೆಡ್ಡು ಮಾತ್ರ ಅಲ್ಲೇ ಇರುತ್ತದೆ.

ಹಾಗಾಗಿ ನನ್ನದೊಂದು ಸಲಹೆ. ತಾಲೂಕು, ವಾರ್ಡು ಎಲ್ಲ ಬಿಡಿ, ಕಂಪೌಂಡು ಗೋಡೆಯನ್ನೇ ಗಡಿ ಮಾಡಿ. ಒಳಗೊಂದು ಸೂಚ್ಯಂಕ, ಹೊರಗೊಂದು ಸೂಚ್ಯಂಕ. ಜುಲೈಯಲ್ಲಿ ಕೊಟ್ಟಾರ ಚೌಕಿ ಕಡೆ ಬಂದರೆ ಯಾರ ಮನೆಗೆ ಎಷ್ಟು ನೀರು ನುಗ್ಗಿತು ಎಂಬ ಸೂಚಕವೂ ಪುಕ್ಕಟೆ ಸಿಗುತ್ತದೆ. ಟೇಪು ಮಾತ್ರ ಅಳೆಯುವವರೇ ತರಲಿ. ಇಲ್ಲದಿದ್ದರೆ ಅದಕ್ಕೂ ಟೆಂಡರ್ ಕರೆದು, ತೆರೆಯುವಷ್ಟರಲ್ಲಿ ಬೇಸಿಗೆ ಬರುತ್ತದೆ.