ಪಿಎಸ್6ಗಾಗಿ ಕಾಯಬೇಕಾ, ಪಿಎಸ್5 ಈಗಲೇ ತಗೋಬೇಕಾ?

ಪಿಎಸ್ ಅಂದರೆ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಸೋನಿ ಕಂಪನಿಯ ಯಂತ್ರ. ಪಿಎಸ್5ರ ನಂತರ ಬರಬೇಕಾದದ್ದು ಪಿಎಸ್6. ಅದಕ್ಕಾಗಿ ಕಾಯಬೇಕೇ ಅಂತ ದಾವಣಗೆರೆಯ ಒಂದೇ ಮನೆಯ ಇಬ್ಬರು ಬರೆದದ್ದು ಇದು. ಮೊದಲನೆಯವನು ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿರುವ ಹುಡುಗ. ಎರಡನೆಯವರು ಅವನ ಚಿಕ್ಕಪ್ಪ. ಪಿ.ಜೆ. ಬಡಾವಣೆಯಲ್ಲಿ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ.

ಪರ: ಕಾಯೋಣ

ನಮ್ಮ ಮನೆಯಲ್ಲಿ ಇನ್ನೂ ಪಿಎಸ್4 ಇದೆ. ಫ್ಯಾನ್ ಸದ್ದು ಜಾಸ್ತಿಯಾಗಿದೆ, ಆದರೂ ಓಡುತ್ತದೆ. ಅದರ ಜಾಗಕ್ಕೆ ಏನು ತರಬೇಕು ಅಂತ ಮೂರು ತಿಂಗಳಿಂದ ಮಾತು ನಡೆದಿದೆ.

ಪಿಎಸ್5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. 2022ರ ನವೆಂಬರ್‌ನಲ್ಲಿ ಅದೇ ಯಂತ್ರ 54,990 ಆಯಿತು. ಹಳೆಯದಾದಷ್ಟೂ ದುಬಾರಿ! ಹೊಸದು ಬರುವ ಹೊತ್ತಿಗೆ ಹಳೆಯದಕ್ಕೆ ಪೂರ್ತಿ ದುಡ್ಡು ಕೊಡಲು ನನಗೆ ಮನಸ್ಸಿಲ್ಲ.

ಪಿಎಸ್6 ಬೆಲೆ ಕೈಗೆ ಸಿಗಲ್ಲ ಅಂತ ಚಿಕ್ಕಪ್ಪ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸೋನಿ ಒಮ್ಮೆ ಪೆಟ್ಟು ತಿಂದಿದೆ. 2006ರಲ್ಲಿ ಪಿಎಸ್3ರ ದೊಡ್ಡ ಮಾದರಿಗೆ 599 ಡಾಲರ್ ಇಟ್ಟಿತು. ಜನ ಹಿಂಜರಿದರು. ಅಷ್ಟು ಬೆಲೆ ಇಟ್ಟರೂ ಒಂದೊಂದು ಯಂತ್ರದ ಮೇಲೂ ಕಂಪನಿಗೆ ನಷ್ಟ. 2013ರಲ್ಲಿ ಪಿಎಸ್4 ತಂದಾಗ 399ಕ್ಕೆ ಇಳಿಸಿತು. ಎದುರಾಳಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ 499 ಇತ್ತು. ಆ ನೂರು ಡಾಲರ್ ವ್ಯತ್ಯಾಸ ಇಡೀ ತಲೆಮಾರಿನ ಆಟವನ್ನೇ ತಿರುಗಿಸಿತು. ಯಂತ್ರದಲ್ಲಿ ಬಿಟ್ಟ ದುಡ್ಡನ್ನು ಆಟಗಳ ಮಾರಾಟದಲ್ಲಿ ವಾಪಸ್ ತೆಗೆಯುವುದು ಈ ವ್ಯಾಪಾರದ ಪದ್ಧತಿ. ಪಿಎಸ್5 ಕೂಡ ನಷ್ಟದಲ್ಲೇ ಶುರುವಾಯಿತು. ಡಿಸ್ಕ್ ಮಾದರಿ ನಷ್ಟದಿಂದ ಹೊರಬಂದಿದೆ ಎಂದು 2021ರ ಆಗಸ್ಟ್‌ನಲ್ಲಿ ಸೋನಿಯೇ ಹೇಳಿತು.

ಹಾರ್ಡ್‌ವೇರ್ ನೋಡಿದರೂ ನನಗೆ ಭರವಸೆ ಇದೆ. 2025ರ ಅಕ್ಟೋಬರ್‌ನಲ್ಲಿ ಸೋನಿಗೆ ಪಿಎಸ್5 ವಿನ್ಯಾಸ ಮಾಡಿದ ಮಾರ್ಕ್ ಸೆರ್ನಿ ಮತ್ತು ಚಿಪ್ ಕಂಪನಿ ಎಎಂಡಿಯ ಜ್ಯಾಕ್ ಹುಯಿನ್ ಒಟ್ಟಿಗೆ ಕೂತು ಮುಂದಿನ ಚಿಪ್‌ನ ಯೋಚನೆಗಳನ್ನು ವಿವರಿಸಿದರು. ಅದರಲ್ಲಿ ಒಂದು, ಚಿಪ್ ಮತ್ತು ಮೆಮೊರಿ ನಡುವೆ ಓಡಾಡುವ ಎಲ್ಲ ಡೇಟಾವನ್ನೂ ಒತ್ತಿ ಚಿಕ್ಕದು ಮಾಡುವುದು. ಅಂದರೆ ಸುಮ್ನೆ ದೊಡ್ಡ ಚಿಪ್, ಜಾಸ್ತಿ ಮೆಮೊರಿ ತುಂಬುವ ದಾರಿ ಬಿಟ್ಟು, ಇರುವುದರಲ್ಲೇ ಜಾಸ್ತಿ ಕೆಲಸ ತೆಗೆಯುವ ದಾರಿ. ಖರ್ಚಿನ ಚಿಂತೆ ಇಲ್ಲದವರು ಹೀಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ವಾ?

ನಮ್ಮಜ್ಜ ಮೆಕ್ಕೆಜೋಳ ಒಕ್ಕಿದ ವಾರವೇ ಮಾರುವವರಲ್ಲ. ಎಲ್ಲರ ಮಾಲೂ ಒಟ್ಟಿಗೆ ಎಪಿಎಂಸಿಗೆ ಬಂದಾಗ ದರ ಬೀಳುತ್ತೆ ಅಂತ ಅವರಿಗೆ ಗೊತ್ತು. ನಾನೂ ಕಾಯುತ್ತೇನೆ.

ವಿರೋಧ: ಕಾಯುವುದು ಬೇಡ

ಅಣ್ಣನ ಮಗ ಲೆಕ್ಕ ಚೆನ್ನಾಗಿಯೇ ಹಾಕಿದ್ದಾನೆ. ಆದರೆ ಡಾಲರ್‌ನಲ್ಲೇ ನಿಂತುಬಿಟ್ಟ. ನಾವು ಕೊಡುವುದು ರೂಪಾಯಿ.

ಒಂದು ವಿಷಯ ಗಮನಿಸಿ. ಪಿಎಸ್4 ಅಮೆರಿಕದಲ್ಲಿ 399 ಡಾಲರ್, ಇಲ್ಲಿ 2014ರಲ್ಲಿ 39,990 ರೂಪಾಯಿ. ಪಿಎಸ್5 ಅಲ್ಲಿ 499, ಇಲ್ಲಿ 49,990. ಹೆಚ್ಚುಕಡಿಮೆ ಡಾಲರ್‌ಗೆ ನೂರು ರೂಪಾಯಿ. 2014ರಲ್ಲಿ ಡಾಲರ್ 62ರ ಆಸುಪಾಸಿನಲ್ಲಿತ್ತು. ತೆರಿಗೆ, ಸಾಗಣೆ, ಅಂಗಡಿಯವನ ಕಮಿಷನ್ ಎಲ್ಲಾ ಉಳಿದ 38 ರೂಪಾಯಿಯಲ್ಲಿ ಕೂರುತ್ತಿತ್ತು. 2021ರಲ್ಲಿ ಡಾಲರ್ 73 ಆಯಿತು, ಉಳಿದದ್ದು 27. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು. ಹತ್ತು ರೂಪಾಯಿಯಲ್ಲಿ ತೆರಿಗೆಯೂ ಕಟ್ಟಲಾಗದು. 2021ರಲ್ಲಿ ಇದ್ದ ಪ್ರಮಾಣವನ್ನೇ, ಅಂದರೆ 73ಕ್ಕೆ ನೂರು, ಇಟ್ಟರೂ ಡಾಲರ್‌ಗೆ 123 ರೂಪಾಯಿ ಬೀಳುತ್ತದೆ. ಪಿಎಸ್6ಕ್ಕೆ 599 ಡಾಲರ್ ಅಂತಲೇ ಹಿಡಿಯಿರಿ, ಇಲ್ಲಿ 74,000ದ ಹತ್ತಿರ. ಇದು ನನ್ನ ಅಂದಾಜು. ಇದಕ್ಕಿಂತ ಕಡಿಮೆಯಾದರೆ ನನಗೂ ಖುಷಿಯೇ.

ಇನ್ನು ಮೆಮೊರಿ. ಇದನ್ನು ನಾನು ದಿನಾ ಕೌಂಟರ್‌ನಲ್ಲಿ ಕೂತು ನೋಡುತ್ತಿದ್ದೇನೆ. 2025ರ ಕೊನೆಗೆ ಡಿಡಿಆರ್5 ರ್‍ಯಾಮ್, ಅಂದರೆ ಈಗಿನ ಕಂಪ್ಯೂಟರ್‌ಗಳಿಗೆ ಹಾಕುವ ಮೆಮೊರಿ, ಅದರ ದರ ಎರಡು ಪಟ್ಟು ದಾಟಿತು. ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಹಿಂದಿನ ವಾರ ಕೇಳಿ ಹೋದ ಗಿರಾಕಿ ದುಡ್ಡು ಹೊಂದಿಸಿಕೊಂಡು ಬಂದರೆ, ಅವರ ಮುಖ ನೋಡಿ ಹೊಸ ರೇಟು ಹೇಳುವುದು ಕಷ್ಟವಾಗುತ್ತಿತ್ತು. ಜಗತ್ತಿನ ಬಹುಪಾಲು ಮೆಮೊರಿ ಮಾಡುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಅವರ ಮಾಲನ್ನು ಮೊದಲೇ ಎತ್ತಿಕೊಳ್ಳುತ್ತಿವೆ. ನಾವು ವರ್ಷಗಟ್ಟಲೆ ಮಾರಿದ ಕ್ರೂಷಿಯಲ್ ರ್‍ಯಾಮ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ಪಿಎಸ್4ರಲ್ಲಿ 8 ಜಿಬಿ ಇತ್ತು, ಪಿಎಸ್5ರಲ್ಲಿ 16. ಡೇಟಾವನ್ನು ಎಷ್ಟೇ ಒತ್ತಿದರೂ ಮುಂದಿನದಕ್ಕೆ 24 ಆದರೂ ಬೇಡವೇ?

ಮೊದಲೆಲ್ಲ ಕಾದರೆ ಬೆಲೆ ಇಳಿಯುತ್ತಿತ್ತು, ನಿಜ. ಪಿಎಸ್2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದದ್ದು 2009ಕ್ಕೆ 99 ಆಯಿತು. ಚಿಪ್ ವರ್ಷ ವರ್ಷ ಚಿಕ್ಕದಾಗುತ್ತಿತ್ತು, ಎರಡು ಚಿಪ್ ಸೇರಿ ಒಂದಾದವು, ಖರ್ಚು ಇಳಿಯಿತು. ಪಿಎಸ್5 ಚಿಪ್ ಕೂಡ 2022ರಲ್ಲಿ 7 ನ್ಯಾನೊಮೀಟರ್ ತಂತ್ರದಿಂದ ಇನ್ನೂ ಸೂಕ್ಷ್ಮವಾದ 6ರ ತಂತ್ರಕ್ಕೆ ಬಂದು ಚಿಕ್ಕದಾಯಿತು. ಬೆಲೆ ಇಳಿಯಿತೇ? 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲೂ 50 ಡಾಲರ್ ಏರಿತು. ಪಿಎಸ್5ರ ಹೆಚ್ಚು ಶಕ್ತಿಯ ಮಾದರಿ ಪಿಎಸ್5 ಪ್ರೊ 2024ರ ನವೆಂಬರ್‌ನಲ್ಲಿ ಸುಮಾರು 700 ಡಾಲರ್‌ಗೆ ಬಂತು, ಡಿಸ್ಕ್ ಡ್ರೈವ್ ಇಲ್ಲದೆ. ಸೋನಿಗೆ ಪೆಟ್ಟಿನ ನೆನಪಿದ್ದರೆ ಈ ಬೆಲೆ ಇಡುತ್ತಿತ್ತೇ?

ಆ ಪ್ರೊ ಆಗ ನಮ್ಮ ದೇಶಕ್ಕೆ ಬರಲೇ ಇಲ್ಲ. ಅದರಲ್ಲಿರುವ 6 ಗಿಗಾಹರ್ಟ್ಸ್ ವೈಫೈಗೆ ನಮ್ಮಲ್ಲಿ ಅನುಮತಿ ಇರಲಿಲ್ಲ. ಆಸೆಪಟ್ಟವರು ಹೊರಗಿನಿಂದ ತರಿಸಿದರು, ವಾರಂಟಿ ಇಲ್ಲದೆ. ಪಿಎಸ್5 ಬಂದ ಹೊಸತರಲ್ಲಿ ನಾನೇ ಒಂದು ಅಂಗಡಿಯಲ್ಲಿ ಕೇಳಿದ್ದೆ. ಪೆಟ್ಟಿಗೆ ಇತ್ತು, ಆದರೆ ಮುದ್ರಿಸಿದ ಬೆಲೆಯ ಮೇಲೆ ಹದಿನೈದು ಸಾವಿರ ಜಾಸ್ತಿ ಕೇಳಿದರು. ಅದಕ್ಕೇ ನಮ್ಮನೆಯಲ್ಲಿ ಇನ್ನೂ ಪಿಎಸ್4 ಇರುವುದು. ಪಿಎಸ್6 ಬಂದ ದಿನವೂ ಹಾಗೇ ಆಗುತ್ತದೆ ಅನ್ನುವ ಭಯ ನನಗಿದೆ.

ನಮ್ಮಪ್ಪನ ಮೆಕ್ಕೆಜೋಳದ ಮಾತು ಬಂತು. 2025ರಲ್ಲೂ ಅವರು ಕಾದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇತ್ತು, ಮಾರುಕಟ್ಟೆಯಲ್ಲಿ ಅದರ ಹತ್ತಿರವೂ ಬರಲಿಲ್ಲ. ಹುಡುಗ ಅದನ್ನು ಬರೆದಿಲ್ಲ.

ಡಿಸ್ಕ್ ಹಾಕುವ ಪಿಎಸ್5 ತಂದರೆ ಪಿಎಸ್4ರ ಡಿಸ್ಕ್‌ಗಳು ಹೆಚ್ಚುಕಡಿಮೆ ಎಲ್ಲಾ ಅದರಲ್ಲೇ ಓಡುತ್ತವೆ. ಭಾನುವಾರ ಮಂಡಕ್ಕಿ ಮಿರ್ಚಿ ತಂದಿಟ್ಟುಕೊಂಡು ನಾವಿಬ್ಬರೂ ಕೂತು ಆಡುವ ಕ್ರಿಕೆಟ್ ಆಟವೂ ಸೇರಿ. ಅವನಿಗೆ ಇನ್ನೊಂದು ವರ್ಷದ ಓದು ಉಳಿದಿದೆ. ಆಮೇಲೆ ಕೆಲಸ ಅಂತ ಬೆಂಗಳೂರಿಗೆ ಹೋಗುತ್ತಾನೆ. ಪಿಎಸ್6 ಬರುವ ಹೊತ್ತಿಗೆ ಎರಡನೇ ಕಂಟ್ರೋಲರ್ ಹಿಡಿಯಲು ಮನೆಯಲ್ಲಿ ಯಾರಿರುತ್ತಾರೆ?