ಸತ್ಯಾಂಶ: ಕೂಡಿಹಾಕಿದರೆ ಕುಡಿತ ಬಿಡುತ್ತದೆಯೇ?

‘ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ, ಕುಡಿತ ತಾನಾಗಿ ಬಿಡುತ್ತದೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು, ಅಪಾಯವೂ ಹೌದು.

ಮದ್ಯ ಮಿದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರ ಮಿದುಳು ಅದಕ್ಕೆ ಎದುರಾಗಿ ಸದಾ ಚುರುಕಾಗಿರಲು ಕಲಿತಿರುತ್ತದೆ. ಕುಡಿತ ದಿಢೀರ್ ನಿಂತರೆ ಆ ಚುರುಕಿಗೆ ತಡೆಯೇ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಗೊಂದಲವಾಗುತ್ತದೆ. ಇದೇ ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಮನೆಯವರು ಸುಮ್ನೆ ನಾಟಕ ಅಂದುಕೊಂಡು ಬೀಗ ತೆಗೆಯದಿದ್ದರೆ?

ಎಲ್ಲರಿಗೂ ಹೀಗಾಗುವುದಿಲ್ಲ. ಯಾರಿಗೆ ಆಗಬಹುದು ಎಂದು ಡಾಕ್ಟರೇ ನೋಡಬೇಕು. ನಡುಕ, ಫಿಟ್ಸ್ ತಡೆಯಲು ಔಷಧಿಯಿದೆ, ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.