ಬೆಳ್ಳಿಗೆ ಒರಗಲು ಒಂದು ಅಂಚು

ಹೋದ ವರ್ಷ ಬೇಸಿಗೆಯಲ್ಲಿ ಹೈವೇ 50 ಹಿಡಿದು ಲೇಕ್ ಟಾಹೋ ಕಡೆ ಹೊರಟಿದ್ದೆವು. ಕ್ಯಾಲಿಫೋರ್ನಿಯಾದ ಬಯಲು ಮುಗಿದು ಸಿಯೆರಾ ಬೆಟ್ಟಗಳು ಶುರುವಾದ ಮೇಲೆ ಈ ರಸ್ತೆ ಏರುತ್ತಾ ಹೋಗಿ, ಎಕೋ ಸಮಿಟ್ ಎಂಬಲ್ಲಿ 7,382 ಅಡಿ ಮುಟ್ಟುತ್ತದೆ. ಅಲ್ಲಿಂದ ಆಚೆ ಒಂದೇ ಇಳಿಜಾರು, ತಿರುವಿನ ಮೇಲೆ ತಿರುವು. ಒಂದು ತಿರುವಿನಲ್ಲಿ ಮುಂದಿನ ಕಾರು ತಟ್ಟನೆ ನಿಧಾನವಾಯಿತು. ನಾನೂ ಬ್ರೇಕ್ ಒತ್ತಿದೆ. ಹಿಂದಿನಿಂದ ದೊಪ್ಪನೆ ಸದ್ದು ಬಂತು.

ನಮ್ಮ ನಾಯಿ ಬೆಳ್ಳಿ ಹಿಂದಿನ ಸೀಟಿನಿಂದ ಜಾರಿ, ಕಾಲಿಡುವ ತಗ್ಗಿಗೆ ಬಿದ್ದಿದ್ದಳು. ಹೊಟ್ಟೆ ಮೇಲಾಗಿತ್ತು, ಒಂದು ಮುಂಗಾಲು ಮುಂದಿನ ಸೀಟಿನ ಅಡಿಗೆ ಸಿಕ್ಕಿಕೊಂಡಿತ್ತು. ಅವಳು ಕೂಗಲಿಲ್ಲ. ಗಾಡಿ ಬದಿಗೆ ಹಾಕಿ ಬಾಗಿಲು ತೆಗೆದಾಗ ಸುಮ್ನೆ ನನ್ನ ಮುಖ ನೋಡಿದಳು. ಅವಳಿಗೆ ಹನ್ನೊಂದು ವರ್ಷ, 32 ಕಿಲೋ ತೂಕ. ಹಿಂಗಾಲುಗಳಲ್ಲಿ ಮೊದಲಿನ ಕಸುವಿಲ್ಲ. ಅವಳನ್ನು ನಾನು ಯಾವುದಕ್ಕೂ ಕಟ್ಟಿರಲಿಲ್ಲ. ತಪ್ಪು ನನ್ನದೇ.

ಆಗ ನಮ್ಮ ಗಾಡಿ ನಿಧಾನವಾಗಿಯೇ ಇತ್ತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಎಲ್ಲಿಗಾದರೂ ಗುದ್ದಿ ನಿಂತರೆ, ಒಳಗೆ ಕಟ್ಟದೆ ಕೂತ ಜೀವ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟೇ ಜೋರಾಗಿ ಮುಂದಿನ ಸೀಟಿಗೆ ಬಡಿಯುತ್ತದೆ. ಮೂರು ಅಂತಸ್ತಿನ ಮಹಡಿಯಿಂದ ಬಿದ್ದ ಹಾಗೆ. ಈ ಲೆಕ್ಕವನ್ನು ಶಾಲೆಯಲ್ಲೇ ಕಲಿತಿದ್ದೆ. ಬೆಳ್ಳಿಯನ್ನು ಹಿಂದೆ ಕೂರಿಸಿಕೊಂಡು ಇಷ್ಟು ವರ್ಷ ಓಡಾಡಿದರೂ ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ.

ಊರಲ್ಲಿ ಟ್ರಕ್ ಅಂದರೆ ಲಾರಿ. ಇಲ್ಲಿ ಪಿಕಪ್ ಟ್ರಕ್ ಮನೆಮಂದಿಯ ಗಾಡಿ, ನಮ್ಮದೂ ಅದೇ. ಮುಂದೆ ನಾಲ್ಕು ಬಾಗಿಲಿನ ಕ್ಯಾಬಿನ್, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ನಾಯಿಯನ್ನು ಆ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವವರು ಈಗಲೂ ಇದ್ದಾರೆ. ನೋಡೋಕೆ ಚೆಂದ, ನಾಯಿಯ ಕಿವಿ ಗಾಳಿಗೆ ಹಾರುತ್ತಿರುತ್ತದೆ. ಆದರೆ ಹೆದ್ದಾರಿಯಲ್ಲಿ ಅದರ ಹಿಂದೆ ನಾನು ಹೋಗುವಾಗ ಸ್ಟೀರಿಂಗ್ ಹಿಡಿದ ಕೈ ಬೆವರುತ್ತದೆ. ಕ್ಯಾಲಿಫೋರ್ನಿಯಾದ ವಾಹನ ಕಾನೂನಿನ 23117ನೇ ಸೆಕ್ಷನ್ ಇದಕ್ಕೆಂದೇ ಇದೆ. ತೊಟ್ಟಿಯ ಸುತ್ತ ಕಡಿಮೆಯೆಂದರೂ 46 ಇಂಚು ಎತ್ತರದ ಕಟಕಟೆ ಇರಬೇಕು. ಇಲ್ಲವೇ ನಾಯಿಯನ್ನು ಎರಡೂ ಕಡೆಯಿಂದ ಅಡ್ಡಲಾಗಿ ಕಟ್ಟಿರಬೇಕು, ಅಥವಾ ಭದ್ರವಾದ ಪೆಟ್ಟಿಗೆಯಲ್ಲಿ ಕೂರಿಸಿರಬೇಕು. ಹೊಲದ ಕೆಲಸದ ನಾಯಿಗಳಿಗೆ ವಿನಾಯಿತಿ ಇದೆ. ಸರಿಯಾದ ಕಾನೂನೇ, ಆದರೆ ಅದು ತೊಟ್ಟಿಯ ಮಾತು. ಕ್ಯಾಬಿನ್ ಒಳಗೆ ಹಿಂದಿನ ಸೀಟಿನಲ್ಲಿ ಕೂತ ನಾಯಿಯ ಬಗ್ಗೆ ಆ ಸೆಕ್ಷನ್ ಏನೂ ಹೇಳುವುದಿಲ್ಲ.

ಅಲ್ಲಿಗೆ ಇಲ್ಲಿನವರು ಎರಡು ದಾರಿ ಹಿಡಿದಿದ್ದಾರೆ. ಒಂದು, ಅಂಗಡಿಯಲ್ಲಿ ಸಿಗುವ ಬಟ್ಟೆಯ ತೊಟ್ಟಿಲು. ಮುಂದಿನ ಸೀಟಿನ ತಲೆದಿಂಬಿಗೂ ಹಿಂದಿನ ಸೀಟಿನ ತಲೆದಿಂಬಿಗೂ ಕಟ್ಟುವಂಥದ್ದು. ನಾನೂ ಮೊದಲು ಅದನ್ನೇ ತಂದಿದ್ದೆ. ಮಧ್ಯದಲ್ಲಿ ಬಟ್ಟೆಯ ಕೆಳಗೆ ಏನೂ ಆಸರೆಯಿಲ್ಲ. ಬೆಳ್ಳಿ ಅಲ್ಲಿ ಕಾಲಿಟ್ಟರೆ ಬಟ್ಟೆ ಜಗ್ಗುತ್ತದೆ, ಕಾಲು ನಡುಗುತ್ತದೆ. ಎರಡು ಸಲ ಹಾಗಾದ ಮೇಲೆ ಅವಳು ಗಾಡಿ ಹತ್ತೋದಕ್ಕೇ ಹಿಂಜರಿದಳು. ಎರಡನೆಯದು, ಮರದ ಹಲಗೆಯಿಂದ ವೇದಿಕೆ ಮಾಡುವುದು. ಕಾಲಿಡುವ ತಗ್ಗಿನಲ್ಲಿ ಕಾಲುಗಳನ್ನು ನಿಲ್ಲಿಸಿ, ಸೀಟಿನ ಮಟ್ಟಕ್ಕೆ ಒಂದೇ ಸಮನಾದ ಹಾಸು ಮಾಡುತ್ತಾರೆ.

ಎರಡು ಊರುಗಳ ರೀತಿ ಬೇರೆಯಾಗೋದು ಇಲ್ಲೇ. ನಮ್ಮ ಕಡೆ ಮರದ ಕೆಲಸ ಅಂದರೆ ಬಡಗಿಯನ್ನು ಕರೆಯುತ್ತೇವೆ. ಅವರು ಬಂದು ಜಾಗ ನೋಡುತ್ತಾರೆ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಟೇಪು ಬಿಚ್ಚುವ ಮೊದಲೇ ಕೇಳುತ್ತಾರೆ: ಇದನ್ನ ಯಾರು ಬಳಸೋದು, ವಯಸ್ಸಾದವರಾ, ಮಕ್ಕಳಾ, ಎಷ್ಟು ಭಾರ ಬೀಳುತ್ತೆ? ಇಲ್ಲಿ ಮನೆಮನೆಯ ಗ್ಯಾರೇಜಿನಲ್ಲೂ ಗರಗಸ, ಡ್ರಿಲ್ಲು ಇರುತ್ತವೆ. ಶನಿವಾರ ಬಂದರೆ ಜನ ತಾವೇ ಅಳೆದು, ತಾವೇ ಕೊಯ್ದು, ತಾವೇ ಜೋಡಿಸುತ್ತಾರೆ. ಡಾಕ್ಟರು, ಮೇಷ್ಟ್ರು, ಬ್ಯಾಂಕಿನವರು ಅಂತ ಭೇದವಿಲ್ಲ. ಕೈಕೆಲಸಕ್ಕೆ ಇಲ್ಲಿರುವ ಈ ಮರ್ಯಾದೆ ನನಗೆ ತುಂಬಾ ಇಷ್ಟ. ಇಲ್ಲಿಗೆ ಬಂದು ನಾನು ಕಲಿತ ಒಳ್ಳೆಯ ಸಂಗತಿಗಳಲ್ಲಿ ಇದೂ ಒಂದು.

ಆದರೆ ತಾವೇ ಮಾಡುವಾಗ ಬಡಗಿಯ ಆ ಮೊದಲ ಪ್ರಶ್ನೆ ಬಿಟ್ಟುಹೋಗುತ್ತದೆ. ಟ್ರಕ್ಕನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯುತ್ತಾರೆ, ನಾಯಿಯನ್ನು ಅಳೆಯುವುದೇ ಇಲ್ಲ. ಪರಿಚಯದವರ ಗಾಡಿಗಳಲ್ಲಿ ನಾನು ನೋಡಿದ ವೇದಿಕೆಗಳೆಲ್ಲ ಸೀಟಿನ ಚರ್ಮ ಗೀಚಿಹೋಗದಿರಲಿ, ಕೂದಲು ಅಂಟದಿರಲಿ ಅಂತ ಮಾಡಿದವು. ನಾಯಿ ಅದರ ಮೇಲೆ ಎತ್ತರದಲ್ಲಿ ನಿಂತಿರುತ್ತದೆ. ತಲೆ ಚಾವಣಿಗೆ ತಾಕುತ್ತಿರುತ್ತದೆ, ಉಗುರಿನ ಅಡಿಗೆ ನುಣುಪು ಹಲಗೆ. ಸೀಟು ಮಾತ್ರ ಹೊಸದಾಗಿಯೇ ಉಳಿದಿರುತ್ತದೆ.

ಅದಕ್ಕೇ ನಾನು ಮೊದಲು ಬೆಳ್ಳಿಯನ್ನು ಅಳೆದೆ. ರಾತ್ರಿ ಅವಳು ನಿದ್ದೆ ಹೋದ ಮೇಲೆ ಟೇಪು ಹಿಡಿದು ಪಕ್ಕದಲ್ಲಿ ಕೂತೆ. ಮೂಗಿನಿಂದ ಬಾಲದ ಬುಡಕ್ಕೆ 44 ಇಂಚು. ಕಾಲು ಚಾಚಿ ಮಲಗಿದರೆ ಬೆನ್ನಿನಿಂದ ಪಾದಕ್ಕೆ 26. ಎದ್ದು ನಿಂತಾಗ ಭುಜದ ಎತ್ತರ 22. ಈ ಅಳತೆ ಕೈಗೆ ಬಂದ ಕೂಡಲೇ ಸೀಟಿನ ಮಟ್ಟದ ವೇದಿಕೆಯ ಯೋಚನೆ ಬಿಟ್ಟೆ. ಅಷ್ಟು ಎತ್ತರದಲ್ಲಿ ಅವಳು ತಲೆ ಬಗ್ಗಿಸಿಯೇ ನಿಲ್ಲಬೇಕಾಗುತ್ತಿತ್ತು, ಕೆಳಗೆ ಇಳಿಯುವಾಗ ಜಾಸ್ತಿ ಹಾರಬೇಕಾಗುತ್ತಿತ್ತು.

ಹಲವು ಪಿಕಪ್‌ಗಳಲ್ಲಿ ಹಿಂದಿನ ಸೀಟಿನ ಕೂರುವ ಭಾಗವನ್ನು ಮೇಲಕ್ಕೆತ್ತಿ ಹಿಂಬದಿಯ ಗೋಡೆಗೆ ಆನಿಸಬಹುದು. ಫೋರ್ಡ್ ಎಫ್-150, ಷೆವ್ರೋಲೆ ಸಿಲ್ವರಾಡೋ ಇವುಗಳಲ್ಲಿ ಹೀಗೇ. ಆಗ ಕೆಳಗೆ ಪೂರ್ತಿ ನೆಲ ಸಿಗುತ್ತದೆ. ನಾನು ಮಾಡಿದ್ದು ಆ ನೆಲದ ಮೇಲೆ ಕೂರುವ ತಗ್ಗು ಮಣೆ. ಉದ್ದ 52 ಇಂಚು, ಅಗಲ 27. ಸೀಟು ಮಡಚುವ ಮೊದಲು ಬೆಲ್ಟಿನ ಬಕಲ್‌ಗಳನ್ನು ಸಂದಿನಿಂದ ಹೊರಗೆ ಎಳೆದು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅವು ಸೀಟಿನ ಹಿಂದೆ ಸಿಕ್ಕಿಕೊಂಡು, ಬೇಕಾದಾಗ ಕೈಗೇ ಸಿಗುವುದಿಲ್ಲ.

ಮೊದಲು ರಟ್ಟಿನಲ್ಲಿ ಅಚ್ಚು ಮಾಡಿದೆ. ಹಳೇ ಟಿವಿ ಬಂದಿದ್ದ ಪೆಟ್ಟಿಗೆ ಬಿಚ್ಚಿ, ಗಾಡಿಯ ಒಳಗೆ ಹಾಸಿ, ಬಾಗಿಲ ಹತ್ತಿರದ ಡೊಂಕು, ಸೀಟಿನ ಕಾಲು ಇರುವ ಕಡೆ ಎಲ್ಲ ಕತ್ತರಿಸುತ್ತಾ ಹೋದೆ. ಗಾಡಿಯ ಒಳಗೆ ನೇರವಾದ ಗೆರೆ ಅಂತ ಒಂದೂ ಇರುವುದಿಲ್ಲ. ಟೇಪಿನ ಲೆಕ್ಕ ನಂಬಿ ನೇರವಾಗಿ ಹಲಗೆ ಕೊಯ್ದರೆ ಕೂರುವುದಿಲ್ಲ. ರಟ್ಟು ಸರಿಯಾಗಿ ಕೂತ ಮೇಲೆ ಅದರ ಅಂಚನ್ನೇ ಪ್ಲೈವುಡ್ ಮೇಲೆ ಗೀಚಿಕೊಂಡೆ.

ಚೌಕಟ್ಟಿನಲ್ಲಿ ಎಡವಿದೆ. ಇಲ್ಲಿ ಟೂ ಬೈ ಫೋರ್ ಅಂತ ಕರೆಯುವ ರೀಪು ನಿಜಕ್ಕೂ 2 ಇಂಚು 4 ಇಂಚು ಇರುವುದಿಲ್ಲ. ಒಣಗಿಸಿ, ಹೆರೆದು, ನುಣುಪು ಮಾಡಿದ ಮೇಲೆ ಉಳಿಯುವುದು ಒಂದೂವರೆ ಇಂಚು ಮತ್ತು ಮೂರೂವರೆ ಇಂಚು. ಹೆಸರು ಮಾತ್ರ ಹಳೆಯದೇ. ಮುಕ್ಕಾಲು ಇಂಚಿನ ಪ್ಲೈವುಡ್ ಕೂಡ ಸಾಮಾನ್ಯವಾಗಿ ಒಂದು ಇಂಚಿನ 32ರಲ್ಲಿ 23 ಭಾಗ, ಮುಕ್ಕಾಲಿಗಿಂತ ಚೂರು ಕಡಿಮೆ. ನಾನು ಹೆಸರನ್ನೇ ಅಳತೆ ಅಂದುಕೊಂಡು ಲೆಕ್ಕ ಹಾಕಿದ್ದೆ. ಮಣೆಯ ಅಡಿಗೆ ಜ್ಯಾಕಿನ ಡಬ್ಬಿ ತೂರಬೇಕಿತ್ತು. ಅದರ ಎತ್ತರ ಮೂರು ಮುಕ್ಕಾಲು ಇಂಚು. ಕಾಲು ಇಂಚಿನಲ್ಲಿ ತಡೆಯಿತು. ಚೌಕಟ್ಟಿನ ಅಡಿಗೆ ಸುತ್ತಲೂ ತೆಳ್ಳನೆ ಪಟ್ಟಿ ಕೂಡಿಸಿ ಎತ್ತರಿಸಿದೆ, ಅರ್ಧ ದಿನ ಹೋಯಿತು. ಟೈರು ಪಂಕ್ಚರ್ ಆದ ದಿನ ಜ್ಯಾಕ್ ಕೈಗೆ ಸಿಗದಿದ್ದರೆ ಆ ಮಣೆ ಇದ್ದೂ ಪ್ರಯೋಜನವಿಲ್ಲ, ಅಲ್ವಾ?

ಮರದ ಬಗ್ಗೆ ಒಂದು ಮಾತು. ಅಂಗಳದ ಕಟ್ಟೆ, ಬೇಲಿಗೆ ಬಳಸುವ, ಹುಳು ಹಿಡಿಯದಂತೆ ಔಷಧಿ ಕೂಡಿಸಿದ ಮರ ಇಲ್ಲಿ ಸುಲಭವಾಗಿ ಸಿಗುತ್ತದೆ. ನಾಯಿಗೆ ಅದು ಬೇಡ. 2003ರ ಕೊನೆಯವರೆಗೂ ಮನೆ ಬಳಕೆಯ ಇಂಥ ಮರದಲ್ಲಿ ಆರ್ಸೆನಿಕ್ ಇರುತ್ತಿತ್ತು. ಈಗಿನದರಲ್ಲಿ ತಾಮ್ರದ ಔಷಧಿ ಇದೆ. ಆದರೂ ಬೇಜಾರಾದಾಗ ಅಂಚು ಕಚ್ಚುವ ಜೀವಕ್ಕೆ ಸಾದಾ ಮರವೇ ಒಳ್ಳೆಯದು. ವಾರ್ನಿಷ್ ಹೊಡೆದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ ಹೊರಗೇ ಇಟ್ಟಿದ್ದೆ. ನಮಗೆ ಗೊತ್ತೇ ಆಗದ ವಾಸನೆ ಅವಳ ಮೂಗಿಗೆ ಹೊಡೆಯುತ್ತದೆ.

ಈ ಕೆಲಸದ ನಡುವೆ ಅಮ್ಮ ವೀಡಿಯೋ ಕರೆ ಮಾಡಿದರು. ಗ್ಯಾರೇಜಿನಲ್ಲಿ ಹರಡಿದ್ದ ಹೊಟ್ಟು, ಹಲಗೆ ನೋಡಿ, "ಏನೋ ಅದು, ಮಂಚ ಮಾಡ್ತಿದ್ದೀಯಾ?" ಅಂದರು. ಬೆಳ್ಳಿಗೆ ಗಾಡಿಯಲ್ಲಿ ಕೂರೋಕೆ ಅಂದೆ. ಬಿದ್ದ ಕಥೆಯನ್ನೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಅದಕ್ಕೆ ಒರಗೋಕೆ ಏನಿಟ್ಟಿದ್ದೀಯಪ್ಪಾ? ನಿಮ್ಮಪ್ಪ ಗುಂಡನ್ನ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಿದ್ದಿದ್ದು ನೆನಪಿಲ್ವಾ?" ಅಂದರು.

ನೆನಪಿತ್ತು. ಗುಂಡ ನಮ್ಮ ಅಂಗಳದ ನಾಯಿ. ಅಪ್ಪ ಅವನನ್ನು ದನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಸ್ಕೂಟರಿನಲ್ಲೇ, ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು. ಅಪ್ಪನ ಎರಡು ಮೊಣಕಾಲು ಗುಂಡನ ಪಕ್ಕೆಗಳನ್ನು ಒತ್ತಿ ಹಿಡಿದಿರುತ್ತಿದ್ದವು. ತಿರುವು ಬಂದಾಗ ಅವನು ಆ ಮೊಣಕಾಲಿಗೆ ಒರಗಿ ನಿಲ್ಲುತ್ತಿದ್ದ, ಕಣ್ಣು ಅರೆ ಮುಚ್ಚಿ. ಅದು ಸುರಕ್ಷಿತ ಪ್ರಯಾಣ ಅಂತ ನಾನು ಹೇಳುತ್ತಿಲ್ಲ, ಈಗ ಯಾರಾದರೂ ಹಾಗೆ ಹೋದರೆ ಬೇಡ ಅಂತಲೇ ಹೇಳುತ್ತೇನೆ. ಆದರೆ ಅಮ್ಮ ಹೇಳಿದ್ದು ಸತ್ಯ. ಓಡುವ ಗಾಡಿಯಲ್ಲಿ ನಾಯಿಗೆ ಹಿಡಿದುಕೊಳ್ಳಲು ಕೈಯಿಲ್ಲ. ಮೈಯನ್ನು ಯಾವುದಕ್ಕಾದರೂ ಒತ್ತಿಕೊಂಡು ನಿಂತರೆ ಮಾತ್ರ ಅದಕ್ಕೆ ನೆಮ್ಮದಿ. ನಾನು ಮಾಡುತ್ತಿದ್ದ ಮಣೆ ಊಟದ ಮೇಜಿನ ಹಾಗೆ ಬರೀ ಚಪ್ಪಟೆಯಾಗಿತ್ತು.

ಅವತ್ತು ಸಂಜೆಯೇ ನಕ್ಷೆ ಬದಲಾಯಿಸಿದೆ. ಹಿಂದಕ್ಕೂ ಮುಂದಕ್ಕೂ 5 ಇಂಚಿನ ಅಂಚು ಕೂರಿಸಿದೆ. ಮುಂದಿನ ಎರಡು ಸೀಟುಗಳ ನಡುವೆ ಸಂದು ಇರುವ ಕಡೆ 9 ಇಂಚು, ಅಲ್ಲಿಂದ ಅವಳು ಮುಂದಕ್ಕೆ ಜಾರಬಾರದು ಅಂತ. ಬಾಗಿಲುಗಳ ಕಡೆ ಎರಡೇ ಇಂಚು, ಹತ್ತುವಾಗ ಕಾಲು ತಡೆಯದ ಹಾಗೆ. ಬದಿಯ ಗೋಡೆಯನ್ನು ಕಿಟಕಿಯವರೆಗೆ ಎತ್ತರಿಸುವ ಆಸೆ ಕೆಲವರಿಗಿರುತ್ತದೆ. ಅದು ಬೇಡ, ಅಪಘಾತವಾದಾಗ ಚಾವಣಿಯ ಅಂಚಿನಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗಿಗೆ ಅಡ್ಡ ಬರುತ್ತದೆ. ಅಂಚಿನ ಮೂಲೆಗಳನ್ನೆಲ್ಲ ಸ್ಯಾಂಡ್‌ಪೇಪರಿನಿಂದ ಉಜ್ಜಿ ಗುಂಡಗೆ ಮಾಡಿದೆ. ಒಳಬದಿಗೆ ಸ್ಪಂಜು ಕೂರಿಸಿ, ಮೇಲೆ ದೋಣಿಗಳಲ್ಲಿ ಹಾಸುವ ಗಟ್ಟಿ ಕಾರ್ಪೆಟ್ ಎಳೆದು, ಅಡಿಗೆ ಮಡಚಿ ಸ್ಟೇಪಲ್ ಹೊಡೆದೆ. ಒದ್ದೆ ಕಾಲಿಟ್ಟರೂ ಅದು ಜಾರುವುದಿಲ್ಲ. ಒಂದೊಂದು ಪಿನ್ನಿನ ಮೇಲೂ ಬೆರಳು ಆಡಿಸಿ ನೋಡಿದೆ. ಎರಡು ಮೇಲೆದ್ದಿದ್ದವು, ಅವನ್ನು ತಟ್ಟಿ ಕೂರಿಸಿದೆ.

ಮಣೆಯನ್ನು ಗಾಡಿಗೆ ಬಿಗಿಯುವುದು ಕಡೇ ಕೆಲಸ, ಬಹಳ ಮುಖ್ಯವಾದದ್ದು. ಬಿಡಿಯಾಗಿ ಇಟ್ಟ ಮರದ ಮಣೆ ಗುದ್ದಿದಾಗ ತಾನೇ ಹಾರಿ ಬರುತ್ತದೆ. ಹಾಗಂತ ನೆಲಕ್ಕೆ ಡ್ರಿಲ್ ಹಾಕಬೇಡಿ. ಕ್ಯಾಬಿನ್ನಿನ ಅಡಿಯಲ್ಲಿ ಬ್ರೇಕಿನ ಕೊಳವೆ, ಇಂಧನದ ಕೊಳವೆ, ವೈರು ಎಲ್ಲ ಹಾದುಹೋಗಿರುತ್ತವೆ. ನಾನು ಸೀಟಿನ ಕಬ್ಬಿಣದ ಚೌಕಟ್ಟಿಗೆ ನಾಲ್ಕು ಕಡೆ ಗಟ್ಟಿ ಪಟ್ಟಿ ಹಾಕಿ ಎಳೆದು ಬಿಗಿದೆ.

ಬೆಳ್ಳಿಯನ್ನೂ ಕಟ್ಟಬೇಕು. ಕೊರಳಪಟ್ಟಿಗೆ ಅಲ್ಲ, ಕತ್ತಿಗೆ ಪೆಟ್ಟಾಗುತ್ತದೆ. ಎದೆಗೆ ತೊಡಿಸುವ ಅಗಲವಾದ ಹಾರ್ನೆಸ್ ಬೇಕು, ಅದನ್ನು ಸೀಟ್ ಬೆಲ್ಟಿಗೆ ಸೇರಿಸಬೇಕು. ಪ್ಯಾಕೆಟ್ಟಿನ ಮೇಲೆ ಬರೆದಿದ್ದನ್ನೆಲ್ಲ ನಂಬುವ ಹಾಗಿಲ್ಲ. ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಸಂಸ್ಥೆ ಇಲ್ಲಿ ನಾಯಿಯ ಗೊಂಬೆ ಕೂರಿಸಿ ಹಾರ್ನೆಸ್‌ಗಳನ್ನು ಗುದ್ದಿಸಿ ನೋಡುತ್ತದೆ. 2013ರಲ್ಲಿ ಅವರು ಸುಬಾರು ಕಂಪನಿಯ ಜೊತೆ ಸೇರಿ ಮಾಡಿದ ಪರೀಕ್ಷೆಯಲ್ಲಿ ಹೆಚ್ಚಿನವು ನಾಯಿಯನ್ನು ಸರಿಯಾಗಿ ಹಿಡಿದಿಡಲಿಲ್ಲ. ನಾನು ಅಂಥ ಪರೀಕ್ಷೆಯಲ್ಲಿ ಪಾಸಾದದ್ದನ್ನೇ ಹುಡುಕಿ ತಂದೆ.

ಇಷ್ಟು ಆರಾಮದ ಜಾಗ ಮಾಡಿಕೊಟ್ಟ ಮೇಲೆ "ಐದು ನಿಮಿಷ ಗಾಡಿಯಲ್ಲೇ ಇರಲಿ" ಅಂತ ಬಿಟ್ಟು ಹೋಗುವ ಮನಸ್ಸು ಬರುತ್ತದೆ. ದಯವಿಟ್ಟು ಬೇಡ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬಿಸಿಲಿಗೆ ನಿಲ್ಲಿಸಿದ ಕಾರನ್ನು ಅಳೆದು ನೋಡಿದರು. ಒಂದು ಗಂಟೆಯಲ್ಲಿ ಒಳಗಿನ ಬಿಸಿ ಸರಾಸರಿ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಿತು. ಅದರಲ್ಲಿ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿತ್ತು. ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗಲಿಲ್ಲ.

ಈ ಬೇಸಿಗೆಯಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋದೆವು. ಇಳಿಜಾರಿನಲ್ಲಿ ನನ್ನವಳು ತಿರುತಿರುಗಿ ಹಿಂದೆ ನೋಡುತ್ತಿದ್ದಳು. ಬೆಳ್ಳಿ ಮೊದಲ ಎರಡು ತಿರುವಿಗೆ ಎದ್ದು ನಿಂತೇ ಇದ್ದಳಂತೆ. ಮೂರನೆಯದಕ್ಕೆ ಮಲಗಿ, ಬೆನ್ನನ್ನು ಹಿಂದಿನ ಅಂಚಿಗೆ ಒತ್ತಿಕೊಂಡು, ಗದ್ದವನ್ನು ಮುಂದಿನ ಅಂಚಿನ ಸ್ಪಂಜಿನ ಮೇಲಿಟ್ಟಳಂತೆ. ಕೆಳಗೆ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದಾಗ ಅವಳಿಗೆ ನಿದ್ದೆ ಹತ್ತಿತ್ತು. ಗದ್ದ ಇಟ್ಟಿದ್ದ ಕಡೆ ಕಾರ್ಪೆಟ್ ಜೊಲ್ಲಿಗೆ ಒದ್ದೆಯಾಗಿತ್ತು.

ಇನ್ನು ಮೆಟ್ಟಿಲು ಉಳಿದಿದೆ. ಟ್ರಕ್ಕಿನ ನೆಲ ಮಣ್ಣಿನಿಂದ ಎರಡು ಅಡಿಗೂ ಮೇಲಿದೆ. ಸದ್ಯಕ್ಕೆ ಒಂದು ಕೈ ಎದೆಯಡಿಗೆ, ಇನ್ನೊಂದು ಕೈ ಹಿಂದೊಡೆಯಡಿಗೆ ಕೊಟ್ಟು ನಾನೇ ಎತ್ತಿ ಇಳಿಸುತ್ತೇನೆ. ಮುಂದಿನ ಶನಿವಾರಕ್ಕೆ ರಟ್ಟು ತೆಗೆದಿಟ್ಟಿದ್ದೇನೆ.